ಕೆರೆಯ ಮೇಲೆ ಕೂತು ಮೀನು ಹಿಡಿಯುವ ಅಜ್ಜ

ರಾಸ್ ಅಲ್ ಖೋರ್, ದುಬೈ

ಪ್ರೀತಿಯ ಬಾಪ್ಪು,

ಹೊಳೆಯಲ್ಲಿ ನಿಮ್ಮ ಗಾಳಕ್ಕೆ ಕಾಣೆ ಮೀನು ಬೀಳುತ್ತಿದೆಯೇ? ನಿನ್ನೆ ನಮ್ಮ ಯಂತ್ರದ ಅಂಗಡಿಗೆ ಕಝಾಕಿಸ್ತಾನದ ಅಜ್ಜನೊಬ್ಬರು ಬಂದಿದ್ದರು. ಅವರ ಊರಿನಲ್ಲಿ ಚಳಿಗೆ ಕೆರೆಯೇ ಮಂಜುಗಡ್ಡೆಯಾಗುತ್ತದಂತೆ. ಅದರ ಮೇಲೆ ನಡೆದುಹೋಗಿ, ತೂತು ಕೊರೆದು, ಗಾಳ ಬಿಡುತ್ತಾರಂತೆ! ಆ ಕೊರೆಯುವ ಯಂತ್ರ ಅವರಿಗೆ ಬೇಕಿತ್ತು.

"ಪೆಟ್ರೋಲಿನದ್ದೇ ಕೊಡು ಮಾರಾಯ್ತಿ, ಅದಕ್ಕೆ ರೇಟು ಜಾಸ್ತಿ," ಎಂದರು ನಮ್ಮ ಮ್ಯಾನೇಜರ್, ಉಳ್ಳಾಲದ ಮೂಸಬ್ಬ. ಅಜ್ಜನ ಭುಜಕ್ಕೆ ಆಪರೇಷನ್ ಆಗಿತ್ತು. ಹಗ್ಗ ಎಳೆದು ಚಾಲೂ ಮಾಡುವ ಯಂತ್ರ ಕೊಡಲು ನನಗೆ ಮನಸ್ಸು ಬರಲಿಲ್ಲ. ಮೀನಿನ ಲಾರಿಯವರಿಂದ ದೊಡ್ಡ ಮಂಜುಗಡ್ಡೆ ತರಿಸಿ ಬಾಗಿಲಲ್ಲೇ ಇಡಿಸಿದೆ. ಪೆಟ್ರೋಲ್ ಯಂತ್ರದ ಹಗ್ಗವನ್ನು ಮೂರು ಸಲ ಎಳೆದು ಅಜ್ಜ ಸೋತರು. ಬ್ಯಾಟರಿಯದ್ದು ಗುಂಡಿ ಒತ್ತಿದ್ದೇ ತಡ, ಬರ್ರೆಂದು ಕೊರೆಯಿತು.

"ಚಳಿಗೆ ಬ್ಯಾಟರಿ ಬೇಗ ಖಾಲಿಯಾಗ್ತದೆ ಅಂತ ಹೇಳು," ಎಂದರು ಮೂಸಬ್ಬ. ಹೇಳಿದೆ. ಅದನ್ನು ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಳ್ಳುತ್ತೇನೆಂದು ಅಜ್ಜ ಸನ್ನೆ ಮಾಡಿ ನಕ್ಕರು. ಆಮೇಲೆ ಪೇಂಟ್ ಡಬ್ಬದ ಮೇಲೆ ಕೂತು, ತೂತಿಗೆ ದಾರ ಬಿಟ್ಟಂತೆ ನಟಿಸಿದರು. ಸುತ್ತ ನಿಂತ ಡ್ರೈವರುಗಳೆಲ್ಲ ಮೀನು ಬಂದೇಬಿಡುತ್ತದೆಂಬಂತೆ ಉಸಿರು ಬಿಗಿಹಿಡಿದರು. ಅಜ್ಜ ಕೈ ಮೇಲೆತ್ತಿದಾಗ ಮೂಸಬ್ಬನೇ ಮೊದಲು ಕೂಗಿದ್ದು: "ಬಿತ್ತು!"

ಬ್ಯಾಟರಿಯದ್ದನ್ನೇ ಕಟ್ಟಿಕೊಟ್ಟೆವು.

ನನ್ನ ಹಲ್ಲುನೋವು ಪೂರ್ತಿ ಹೋಯಿತೆಂದು ಮನೆಯಲ್ಲಿ ಚಿಂತೆ ಮಾಡುತ್ತಿರುವ ಮಾಂಯ್‌ಗೆ ಹೇಳಿ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ಗ್ಲೆನಿಟಾ