ಹದಿನೈದನೇ ಸಾಲಿನ ಕುರ್ಚಿ

ಅವ್ವಾ, ಹುನಗುಂದ ಬಸ್ ಹಿಡೀಬೇಕು, ಕಾಲೇಜಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು. ಹಾಲು ಕಾಸೇನಿ, ಬೆಕ್ಕು ಬರ್ತೇತಿ, ಮುಚ್ಚಿಡು. ಮೊದಲ ಉಣ್ಣು, ಆಮ್ಯಾಲ ಮುಂದಿಂದು ಓದು.

ನಿನ್ನೆ ಎಸ್ಸೆಸ್ಸೆಲ್ಸಿ ಗಣಿತ ಪೇಪರ್ ಬರದು ಬಂದಾಕಿ, "ಕುರ್ಚಿ ಲೆಕ್ಕ ಬಂದಿತ್ತು, ನೀ ಕಲಿಸಿದಂಗ ಬರದೇನಿ ನೋಡವಾ" ಅಂದಿ. ಮೊದಲ್ನೇ ಸಾಲಿನ್ಯಾಗ ಇಪ್ಪತ್ತು ಕುರ್ಚಿ, ಮುಂದಿನ ಒಂದೊಂದು ಸಾಲಿಗೂ ಎರಡೆರಡು ಹೆಚ್ಚು, ಹದಿನೈದನೇ ಸಾಲಿನ್ಯಾಗ ಎಷ್ಟು ಅನ್ನೂದು. ಹೋಮ್‌ವರ್ಕ್ ಮಾಡುಮುಂದ ನೀ ಮಗ್ಗದ ಮ್ಯಾಲಿನ ಎಳಿ ಎಣಿಸಿ ನಲವತ್ತೆಂಟು ಅಂದಿದ್ದಿ. ನಾ ಕೆಂಪು ಪೆನ್ನಿಲೆ ಕಾಟು ಹಾಕಿ, "ಇದಕ್ಕ ಸೂತ್ರ ಐತಿ, ಎಳಿ ಎಣಸೂದು ಬಿಡು" ಅಂತ ಗಡಬಡಿಸಿ ಐವತ್ತು ಬರಿಸಿದೆ. ಮುಂಜಾನೆ ಪುಸ್ತಕ ತಗದು ನೋಡಿದೆ. ಮೊದಲ್ನೇ ಸಾಲಿಗೆ ಏನೂ ಕೂಡಿಸೂದಿಲ್ಲ, ಹದಿನಾಕು ಸಲ ಅಷ್ಟ ಕೂಡಿಸಬೇಕು. ನಿಂದ ಖರೆ ಇತ್ತವ್ವಾ.

ನಿನ್ನ ಮಾರಿ ನೋಡಿ ಹೇಳಾಕ ಆಗಲಿಲ್ಲ, ಅದಕ್ಕ ಚೀಟಿ.

ಹಿಂದಿನ ಎರಡೂ ಸಲ ಗಣಿತ ಮೂರು ಮಾರ್ಕ್ಸಿನ್ಯಾಗ ಹೋಗೇತಿ, ಈ ಲೆಕ್ಕ ನಾಕು ಮಾರ್ಕ್ಸಿಂದು. ಪಾಸ್ ಆಗ್ತೀ ಅಂತ ಸುಳ್ಳು ಹ್ಯಾಂಗ ಬರೀಲಿ. ಅಪ್ಪಗ ನೀ ಹೇಳಬ್ಯಾಡ, ನಗ್ತಾನ. ನಾನ ಹೇಳ್ತೇನಿ, ತಪ್ಪು ನಂದು ಅಂತ. ಪುಸ್ತಕ ರದ್ದಿಗೆ ಹಾಕಬ್ಯಾಡ.

ಇದ ಕಡೇ ಸಲ, ಇನ್ನ ಪರೀಕ್ಷಾ ಕಟ್ಟಂಗಿಲ್ಲ ಅಂತ ನೀ ಬನಶಂಕರಿ ಮುಂದ ಆಣಿ ಮಾಡೀದಿ. ಮತ್ತ ಕಟ್ಟು ಅನ್ನಾಕ ನನಗ ಬಾಯಿಲ್ಲ.

ನಿನ್ನ ಮಗಳು, ಪ್ರೀತಿ