ಎರಡೂ ಎಡಗೈಯವು

ಕುಲ್ದಿಗಾ
ಮೇ 12, 2013, ಭಾನುವಾರ

ಪ್ರೀತಿಯ ವೆಲ್ಗಾ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಹೇಗಿದೆ? ಆ ಜರ್ಮನ್ ಅಜ್ಜಿಯನ್ನು ಎತ್ತಿ ಕೂರಿಸುವುದು, ಮೈ ತೊಳೆಸುವುದು ಎಲ್ಲ ಈಗಲೂ ನೀನೊಬ್ಬಳೇ ಮಾಡುತ್ತೀಯೋ, ಇಲ್ಲ ಜೊತೆಗೆ ಇನ್ನೊಬ್ಬರನ್ನು ಇಟ್ಟರೋ? ನಾನು ಕಳಿಸಿದ ನಾಯಿಕೂದಲಿನ ಸೊಂಟಪಟ್ಟಿಯನ್ನು ಚುಚ್ಚುತ್ತದೆ ಅಂತ ಮೂಲೆಗೆ ಹಾಕಬೇಡ, ಬನಿಯನ್ನಿನ ಮೇಲೆ ಕಟ್ಟಿಕೋ. ನಾವು ಕ್ಷೇಮ. ನಮ್ಮ ಯಜಮಾನ ಗುನಾರ್ಸ್‌ಗೆ ಎಂದಿನಂತೆ ಮಂಡಿನೋವು, ನನಗೆ ಏನೂ ಇಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲವಾದ್ದರಿಂದ ಕಾಗದ ಬರೆಯುತ್ತಿದ್ದೇನೆ. ಕಾಗದದ್ದೊಂದು ಅನುಕೂಲ, ಎತ್ತದಿದ್ದರೂ ಅದು ಮೇಜಿನ ಮೇಲೆ ಬಿದ್ದಿರುತ್ತದೆ.

ಇಲ್ಲಿ ಈ ಸಲ ವಸಂತ ತಡ. ಬರ್ಚ್ ಮರದ ಕಾಂಡದ ಸಿಹಿನೀರು ಏಪ್ರಿಲ್ ಅರ್ಧ ಕಳೆದ ಮೇಲೆ ಇಳಿಯಿತು. ಗುನಾರ್ಸ್ ಒಣದ್ರಾಕ್ಷಿ ಹಾಕಿ ನೆಲಮಾಳಿಗೆಯಲ್ಲಿ ಹುಳಿಗೆ ಇಟ್ಟಿದ್ದಾರೆ. ರುಚಿ ನೋಡು ಅಂತ ಕೊಟ್ಟರು. ಚೆನ್ನಾಗಿದೆ ಅಂದೆ. ನಿಜ ಹೇಳಬೇಕೆಂದರೆ ಅದಕ್ಕೂ ಬಾವಿ ನೀರಿಗೂ ನನ್ನ ನಾಲಿಗೆಗೆ ವ್ಯತ್ಯಾಸವೇ ತಿಳಿಯಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಹುಳಿಸೊಪ್ಪಿನ ಸಾರು ಶುರುವಾಗಿದೆ. ಮೊನ್ನೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ಮಕ್ಕಳು ಮುಖ ಕಿವುಚಿದರು, ನಾನು ಬಡಿಸುತ್ತಾ ಹೋದೆ. ಇವತ್ತು ಅಮ್ಮಂದಿರ ದಿನ ಅಲ್ಲವೇ, ಶುಕ್ರವಾರವೇ ಮಕ್ಕಳು ಹಾಡು ಹೇಳಿ ಅಡುಗೆಯವರಿಗೂ ಒಂದೊಂದು ಗೊಂಚಲು ಹೂ ಕೊಟ್ಟರು. ನನ್ನದನ್ನು ಇವತ್ತು ಅಮ್ಮನ ಸಮಾಧಿಗೆ ಒಯ್ದೆ. ಅಲ್ಲಿ ಎಣಿಸಿ ನೋಡಿದರೆ ಬೆಸ ಇತ್ತು. ಸತ್ತವರಿಗೆ ಬೆಸ ಆಗದು, ಒಂದನ್ನು ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡೆ. ಅದು ಇನ್ನೂ ಅಲ್ಲೇ ಇರಬೇಕು.

ಅಮ್ಮನ ಬೆಕ್ಕು ಮಿಂಕಾ ನಮ್ಮ ಮನೆಗೇ ಬಂದಿದೆ. ಉಣ್ಣೆ ಉಂಡೆಗಳ ಬುಟ್ಟಿಯೇ ಅದರ ಸಿಂಹಾಸನ. ಬೂದು ಬಣ್ಣದ ಉಂಡೆಯ ಮೇಲೆ ಮಾತ್ರ ಮಲಗುತ್ತದೆ, ತನ್ನ ಕೂದಲು ಕಾಣಬಾರದು ಅಂತಲೋ ಏನೋ. ಹೆಣಿಗೆಯೊಂದು ಮಾತ್ರ ನಿಂತಿಲ್ಲ. ಬುಧವಾರ ಬುಧವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಅದೇ ಹೆಂಗಸರು, ಅದೇ ಜೀರಿಗೆ ಬಿಸ್ಕತ್ತು, ಅದೇ ಮಾತು. ಔಸ್ಮಾ ಚಿಕ್ಕಮ್ಮ ಮೊಮ್ಮಗನಿಗೆ ಸ್ವೆಟರ್ ಹೆಣೆಯುತ್ತಿದ್ದಾಳೆ; ಅವಳು ಮುಗಿಸುವಷ್ಟರಲ್ಲಿ ಆ ಹುಡುಗ ಸೈನ್ಯಕ್ಕೆ ಸೇರಿರುತ್ತಾನೆ. ನಾನು ಕಾಲುಚೀಲ ಹೆಣೆಯುತ್ತೇನೆ. ಒಂದು ಜೊತೆ ಮುಗಿದ ಕೂಡಲೇ ಇನ್ನೊಂದು. ಗುನಾರ್ಸ್ ಮೊನ್ನೆ ಕಪಾಟು ತೆಗೆದು, “ಸರ್ಮಿತೆ, ನಂಗಿರೋದು ಎರಡೇ ಕಾಲು ಕಣೇ” ಅಂದರು. ನಗಿಸಲು ಅಂದದ್ದು. ನಾನು ನಗಬೇಕಿತ್ತು ಅಂತ ಅರ್ಥವಾಗುವಷ್ಟರಲ್ಲಿ ಅವರು ಹೊರಗೆ ಹೋಗಿದ್ದರು.

ಅಮ್ಮ ಹೋದಾಗಿನಿಂದ ಹೀಗೇ. ಅತ್ತಿಲ್ಲ. ಊರವರು ನಾನು ಗಟ್ಟಿಗಿತ್ತಿ ಅನ್ನುತ್ತಾರೆ. ಗಟ್ಟಿಯೂ ಇಲ್ಲ, ಏನೂ ಇಲ್ಲ. ಚಿಕ್ಕಂದಿನಲ್ಲಿ ನಾವು ಹಿಮದಲ್ಲಿ ಆಡಿ ಬಂದಾಗ ಬೆರಳು ಮರಗಟ್ಟಿರುತ್ತಿತ್ತಲ್ಲ, ಚಿವುಟಿದರೂ ಬೇರೆ ಯಾರದೋ ಬೆರಳು ಅನ್ನಿಸುತ್ತಿತ್ತಲ್ಲ, ಹಾಗಿದ್ದೇನೆ. ನಿನ್ನ ಮೇಲೂ ಸಿಟ್ಟಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಕಾಗದ ಬರೆಯುವುದಾದರೂ ಸುಲಭವಾಗುತ್ತಿತ್ತು. ಅಮ್ಮನ ಮಣ್ಣಿಗೆ ನೀನು ಹೊರಡಬೇಕೆಂದರೆ ನಿನ್ನ ಜಾಗಕ್ಕೆ ಬರಬೇಕಾದವಳು ಬರಲಿಲ್ಲ, ಆ ಅಜ್ಜಿಯನ್ನು ಒಂಟಿಯಾಗಿ ಬಿಟ್ಟು ನೀನು ಹೊರಡುವ ಹಾಗಿರಲಿಲ್ಲ, ಹೂವಿನ ಚಕ್ರ ಕಳಿಸಿದೆ. ಅದು ಬಂತು, ಚೆನ್ನಾಗಿತ್ತು, ಇಟ್ಟೆವು. ಆಮೇಲೆ ನೀನು ಫೋನೆತ್ತುವುದನ್ನೇ ಬಿಟ್ಟೆ. ನಿನಗೆ ಕಿವಿಯಲ್ಲಿ ಗುಂಯ್‌ಗುಡುತ್ತಿರುವುದು ಯಾವ ಮಾತು ಅಂತ ನನಗೆ ಗೊತ್ತು. ನೀನು ಜರ್ಮನಿಗೆ ಬಸ್ ಹತ್ತಿದ ದಿನ ಅಮ್ಮ ಬಾಗಿಲಿಗೂ ಬರದೆ ಒಲೆಯ ಹತ್ತಿರ ಕೂತೇ ಅಂದಳಲ್ಲ, “ಹೋಗು, ಹೋಗು. ಕೊನೇಗೆ ಒಂದು ಹಿಡಿ ಮಣ್ಣು ಹಾಕೋಕಾದ್ರೂ ಬಾ ತಾಯಿ.” ಊರವರೆಲ್ಲ ತಂತಮ್ಮವರ ಸಮಾಧಿಯ ಬಳಿ ಸೇರುವ ಸ್ಮಶಾನದ ಹಬ್ಬ ಈ ಸಲ ಜುಲೈ ಎರಡನೆಯ ಭಾನುವಾರ. ಅಮ್ಮ ಮಣ್ಣೊಳಗೆ ಹೋದ ಮೇಲೆ ಮೊದಲನೆಯದು. ವೆಲ್ಗಾ ಬರ್ತಾಳಾ ಅಂತ ಔಸ್ಮಾ ಚಿಕ್ಕಮ್ಮ ಪ್ರತಿ ಬುಧವಾರ ಕೇಳುತ್ತಾಳೆ. ಗೊತ್ತಿಲ್ಲ ಅನ್ನುತ್ತೇನೆ, ಮತ್ತೆ ಕುಣಿಕೆ ಎಣಿಸತೊಡಗುತ್ತೇನೆ.

ಮಣ್ಣು ಮಾಡಿದ ದಿನದ ಸುದ್ದಿ ನಿನಗೆ ಯಾರೂ ಹೇಳಿರಲಾರರು. ನಾನೇ ಹೇಳುತ್ತೇನೆ. ಗುಂಡಿ ತೋಡುವವರಿಗೆ ಕೊಡುವ ಕೈಗವಸುಗಳನ್ನು ಅಮ್ಮ ಎಪ್ಪತ್ತು ತುಂಬಿದಾಗಲೇ ಹೆಣೆದು ಪೆಟ್ಟಿಗೆಯಲ್ಲಿ ಇಟ್ಟಿದ್ದಳು, ನೆನಪಿದೆಯಲ್ಲ? “ನನ್ನ ಸಾವಿಗೆ ಅಂಗಡಿ ಕೈಗವಸು ಕೊಟ್ಟು ಮರ್ಯಾದೆ ಕಳೀಬೇಡಿ” ಅನ್ನುತ್ತಿದ್ದಳು. ಯಾರ ಕೈ ದೊಡ್ಡದು, ಯಾರ ಕೈ ಸಣ್ಣದು ಅಂತ ನೋಡಿಟ್ಟು, ಇದು ಇವನಿಗೆ ಅದು ಅವನಿಗೆ ಅಂತ ಮನಸ್ಸಲ್ಲೇ ಹಂಚಿಯೂ ಬಿಟ್ಟಿದ್ದಳು. ಆದರೆ ಅವರೇ ಒಬ್ಬೊಬ್ಬರಾಗಿ ಮೊದಲು ಹೋದರು. ಪ್ರತಿ ಸಲವೂ ಸಾವಿನ ಮನೆಯಿಂದ ಬಂದು ಚಪ್ಪಲಿ ಕಳಚುವ ಮೊದಲೇ, “ನೋಡು, ಇವನೂ ಕೈಕೊಟ್ಟ. ಅಷ್ಟು ಚಂದದ ಕೈಗವಸು, ಈಗ ಯಾರ ಕೈಗೆ ಹಿಡಿಸುತ್ತೆ?” ಅಂತ ರೇಗುತ್ತಿದ್ದಳು. ಅವರ ಜಾಗಕ್ಕೆ ಬಂದವರಲ್ಲಿ ಕೈಗವಸು ಹಿಡಿಸದೆ ಉಳಿದವನು ಇಮಾಂತ್ಸ್ ಒಬ್ಬನೇ, ಸೇತುವೆಯಾಚೆಯ ಜೇನಿನವನು. ಅವನ ಹಸ್ತವೋ ರೊಟ್ಟಿ ತಟ್ಟುವ ಹಲಗೆಯಷ್ಟಿದೆ. ಇದ್ದವು ಯಾವುವೂ ಅವನಿಗೆ ಆಗುವುದಿಲ್ಲ ಅಂತ ಕಳೆದ ಚಳಿಗಾಲದಲ್ಲಿ ಅಮ್ಮ ಹೊಸ ಜೊತೆಗೆ ಕೂತಳು. ಕೈ ನಡುಗುತ್ತಿತ್ತು. ಒಂದು ಮುಗಿಯಿತು. ಇನ್ನೊಂದಕ್ಕೆ ಕುಣಿಕೆ ಎತ್ತಿಕೊಳ್ಳುವ ಮೊದಲೇ ಮಲಗಿದವಳು ಏಳಲಿಲ್ಲ.

ಒಂಟಿ ಕೈಗವಸನ್ನು ಯಾರಿಗೆ ಕೊಡುವುದು? ಹೆಣ ಎತ್ತುವ ಹಿಂದಿನ ದಿನ ಅದರ ಜೋಡಿಯನ್ನು ನಾನು ಹೆಣೆದೆ. ಹೊರಗೆ ಗುನಾರ್ಸ್ ಗೇಟಿನಿಂದ ರಸ್ತೆಯವರೆಗೆ ಹೆಣ ಹೋಗುವ ದಾರಿಗೆ ಫರ್ ಮರದ ಸೊಪ್ಪು ಹರಡುತ್ತಿದ್ದರು, ಒಳಗೆ ಔಸ್ಮಾ ಚಿಕ್ಕಮ್ಮ ಬಟಾಣಿ ಬೇಯಿಸುತ್ತಾ ಎಲ್ಲರಿಗೂ ಕೆಲಸ ಹೇಳುತ್ತಿದ್ದಳು. ನಾನು ಅಮ್ಮನದನ್ನು ಎದುರಿಗೆ ಇಟ್ಟುಕೊಂಡು ಹಾಗೆಯೇ ಹಾಕುತ್ತಾ ಹೋದೆ. ಹೆಬ್ಬೆರಳಿಗೊಂದು ಗೂಡು, ಉಳಿದ ನಾಲ್ಕು ಬೆರಳಿಗೆ ಒಂದು, ಕಪ್ಪಿನ ಮೇಲೆ ಬಿಳಿ, ಅಮ್ಮನ ಅದೇ ನಕ್ಷತ್ರದ ಚಿತ್ತಾರ. ನನ್ನ ಹೆಣಿಗೆಯ ಬಗ್ಗೆ ಅಮ್ಮ ಏನನ್ನುತ್ತಿದ್ದಳು ಅಂತ ನಿನಗೆ ಗೊತ್ತಲ್ಲ. ಮೇಲ್ಭಾಗ ನೋಡುತ್ತಲೇ ಇರಲಿಲ್ಲ, ಬುಡಮೇಲು ಮಾಡಿ ಒಳಗೆ ಬೆರಳು ಆಡಿಸಿ, “ಇದೇನು, ಮೀನಿನ ಬಲೆಯಾ? ಹೊಳೆಯಾಚೆ ನಿಂತು ನೋಡಿದ್ರೂ ಸರ್ಮಿತೆ ಹೆಣೆದಿದ್ದು ಅಂತ ಗೊತ್ತಾಗುತ್ತೆ” ಅನ್ನುತ್ತಿದ್ದಳು. ಕೈ ಇದ್ದದ್ದು ನಿನಗೆ. ನೀನು ಕಡ್ಡಿ ಕೆಳಗಿಟ್ಟೆ, ನಾನು ಹಿಡಿದುಕೊಂಡೆ, ಅಷ್ಟೆ. ನೂಲಿನಂತೆ ಸೀರೆ ಅನ್ನುವ ಗಾದೆ ನನ್ನ ಪಾಲಿಗೆ ನಡೆಯಲಿಲ್ಲ. ಆದರೂ ಅವತ್ತು ಒಂದು ಕುಣಿಕೆಯೂ ಜಾರಲಿಲ್ಲ. ಕೊನೆಯ ದಾರ ಒಳಗೆ ಎಳೆದು, ಜೋಡಿ ಕಟ್ಟಿ, ಗುಂಡಿ ತೋಡುವವರಿಗೆ ಕೊಡುವ ಕರವಸ್ತ್ರದ ಜೊತೆ ಇಟ್ಟೆ.

ನೆಲ ಕಲ್ಲಾಗಿತ್ತು. ಗುಂಡಿ ತೋಡುವವರು ಹಿಂದಿನ ದಿನವೇ ಬೆಂಕಿ ಹಾಕಿ ಮಣ್ಣು ಕರಗಿಸಿದ್ದರು. ಪಾದ್ರಿಗಳ ಮಾತು ಮುಗಿದು, ನಾವೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದೆವು. ಗುಂಡಿ ತೋಡಿದ ಗಂಡಸರು ನಾವು ಕೊಟ್ಟ ಕೈಗವಸು ತೊಟ್ಟುಕೊಂಡು ಗುದ್ದಲಿ ಎತ್ತಿಕೊಂಡರು. ಇಮಾಂತ್ಸ್ ಮಾತ್ರ ನಿಂತೇ ಇದ್ದ. ಎಡಗೈ ಸರಿಯಾಗಿ ಹೋಗಿತ್ತು. ಇನ್ನೊಂದನ್ನು ಬಲಗೈಗೆ ತೊಟ್ಟರೆ ಹೆಬ್ಬೆರಳಿನ ಗೂಡು ಕಿರುಬೆರಳಿನ ಕಡೆ ನಿಂತಿತ್ತು. ಆಗ ಗೊತ್ತಾಯಿತು. ಅಮ್ಮನದು ಎಡಗೈಯದು. ಅದನ್ನೇ ಎದುರಿಗಿಟ್ಟುಕೊಂಡು ಕಣ್ಣು ಮುಚ್ಚಿದವಳ ಹಾಗೆ ನಕಲು ಮಾಡಿದ್ದೇನೆ. ನಾನು ಹಾಕಿದ್ದೂ ಎಡಗೈಯದೇ. ಕಡ್ಡಿ ಹಿಡಿದ ಮೊದಲ ವಾರ ಮಕ್ಕಳು ಮಾಡುವ ತಪ್ಪು. ಇಮಾಂತ್ಸ್ ಹೆಬ್ಬೆರಳನ್ನು ಒಳಗೇ ಮಡಚಿಕೊಂಡು ಗುದ್ದಲಿ ಹಿಡಿದ. ಆದರೆ ನಮ್ಮ ಔಸ್ಮಾ ಚಿಕ್ಕಮ್ಮನ ಬಾಯಿಗೆ ಬೀಗ ಎಲ್ಲಿ? “ಏ ಇಮಾಂತ್ಸ್, ನಿಂಗೆ ಎರಡೂ ಎಡಗೈಯೇನೋ?” ಅಂದಳು, ನಮ್ಮಲ್ಲಿ ಕೆಲಸ ಬಾರದವನಿಗೆ ಅನ್ನುವ ಹಾಗೆ. ಅವನು ತಲೆ ಎತ್ತದೆ, “ಅಮ್ಮಾವ್ರು ನನ್ನ ಕೆಲಸ ನೋಡಿಯೇ ಹೆಣೆಸಿದಾರೆ ಬಿಡಿ” ಅಂದ. ಒಬ್ಬರು ಕೆಮ್ಮಿದರು, ಇನ್ನೊಬ್ಬರು ಕಿಸಕ್ಕೆಂದರು, ಪಾದ್ರಿಗಳು ಟೊಪ್ಪಿಗೆಯನ್ನು ಬಾಯಿಗೆ ಅಡ್ಡ ಹಿಡಿದರು. ಅಮ್ಮನ ಗುಂಡಿಯ ಸುತ್ತ ನಿಂತು ಊರೇ ನಕ್ಕಿತು ಅಕ್ಕಾ. ಅಮ್ಮನಿಗೆ ಇಷ್ಟವಾಗುತ್ತಿತ್ತು. ನಾನು ಹೆಪ್ಪುಗಟ್ಟಿದ ಮಣ್ಣುಗಡ್ಡೆಗಳು ಬೀಳುವುದನ್ನು ನೋಡುತ್ತಾ ನಿಂತಿದ್ದೆ.

ಈಸ್ಟರ್ ಕಳೆದ ಮೇಲೆ ಒಂದು ಬಲಗೈಯದನ್ನು ಹೆಣೆದು ಇಮಾಂತ್ಸ್ ಮನೆಗೆ ಹೋದೆ. ಸಾಲ ಉಳಿಸಿಕೊಂಡ ಹಾಗೆ ಅನ್ನಿಸುತ್ತಿತ್ತು. ಅವನು ಜೇನುಪೆಟ್ಟಿಗೆಗೆ ಬಣ್ಣ ಬಳಿಯುತ್ತಿದ್ದ. ಕೈ ಒರೆಸಿಕೊಂಡು, “ಸಾವಿನ ಮನೇಲಿ ಇಸ್ಕೊಂಡಿದ್ದನ್ನ ವಾಪಸ್ ಕೊಡೋ ಹಾಗಿಲ್ಲ ಸರ್ಮಿತೆ, ಗೊತ್ತಲ್ಲ. ಆದ್ರೆ ಅದಲು ಬದಲು ಮಾಡ್ಕೋಬಹುದು. ಒಂದು ಕೊಡು, ಒಂದು ತಗೋ” ಅಂತ ಒಳಗಿನಿಂದ ಆ ಎರಡನ್ನೂ ತಂದು ಮೇಜಿನ ಮೇಲಿಟ್ಟ. ಮಣ್ಣು ಹೋಗುವ ಹಾಗೆ ತೊಳೆದು ಒಣಗಿಸಿದ್ದ. “ನಿಮ್ಮಮ್ಮ ಹಾಕಿದ್ದು ನೀನೇ ಇಟ್ಕೋ. ನಂಗೆ ನೀನು ಹಾಕಿದ್ದು ಸಾಕು” ಅಂದ. ನಾನು ಕೈ ಚಾಚಿದೆ, ಚಾಚಿದ ಕೈ ಅಲ್ಲೇ ನಿಂತಿತು. ಯಾವುದು ಅಮ್ಮನದು ಅಂತ ನನಗೆ ಗೊತ್ತಾಗಲಿಲ್ಲ. ಎರಡನ್ನೂ ಬುಡಮೇಲು ಮಾಡಿದೆ, ಅಮ್ಮ ಮಾಡುತ್ತಿದ್ದ ಹಾಗೆ ಒಳಗೆ ಬೆರಳು ಆಡಿಸಿದೆ, ಕಿಟಕಿಗೆ ಹಿಡಿದು ನೋಡಿದೆ. ಒಂದೇ ಬಿಗಿ, ಒಂದೇ ದಾರ. ಕೊನೆಕೊನೆಗೆ ಅಮ್ಮನ ಕೈ ನನ್ನ ಕೈಯಷ್ಟು ಇಳಿದಿತ್ತೋ, ಆ ಒಂದು ದಿನದ ಮಟ್ಟಿಗೆ ನನ್ನ ಕೈ ಅಮ್ಮನ ಕೈಯಷ್ಟು ಏರಿತ್ತೋ, ದೇವರಿಗೇ ಗೊತ್ತು. ಹೊಳೆಯಾಚೆಯಿಂದ ಗುರುತು ಸಿಗುತ್ತಿದ್ದ ನನ್ನ ಹೆಣಿಗೆ ನನ್ನ ಕಣ್ಣೆದುರಿಗೇ ನನಗೆ ಗುರುತು ಸಿಗಲಿಲ್ಲ. ಇಮಾಂತ್ಸ್ ಮತ್ತೆ ಕುಂಚ ಹಿಡಿದ. ಬಹಳ ಹೊತ್ತು ಕೂತಿದ್ದೆ. ಹಿಮದಿಂದ ಬಂದ ಬೆರಳನ್ನು ಒಲೆಯ ಹತ್ತಿರ ಹಿಡಿದಾಗ ಮೊದಲು ತುದಿಯಲ್ಲಿ ಉರಿಯುತ್ತದಲ್ಲ, ಅಷ್ಟು ಉರಿಯಿತು. ಅಷ್ಟೇ, ಹೆಚ್ಚಿಲ್ಲ. ಕೈಗೆ ಸಿಕ್ಕಿದ ಒಂದನ್ನು ಎತ್ತಿಕೊಂಡು ಮನೆಗೆ ಬಂದೆ, ಆಲೂಗಡ್ಡೆ ಸುಲಿದೆ.

ಇನ್ನು ಬರೆಯುವಂಥದ್ದು ಏನಿಲ್ಲ. ತೋಟದಲ್ಲಿ ಈರುಳ್ಳಿ ನೆಟ್ಟಾಯಿತು. ನಿನ್ನ ಹಳೆಯ ಸೈಕಲ್‌ನ ಚಕ್ರಕ್ಕೆ ಗಾಳಿ ಹೊಡೆಸಿದ್ದೇವೆ, ಯಾರೂ ಓಡಿಸುವುದಿಲ್ಲ. ಗುನಾರ್ಸ್ ನಿನ್ನನ್ನು ಕೇಳಿದೆ ಅಂತ ಬರೆಯಲು ಹೇಳಿದರು. ಔಸ್ಮಾ ಚಿಕ್ಕಮ್ಮ ಪಾರ್ಸಲ್ಲಿಗೆ ಅಂತ ಬಿಸ್ಕತ್ತು ಕೊಟ್ಟಳು. ಅದೇ ಅವಳ ಆಶೀರ್ವಾದ ಅಂದುಕೋ. ಸೊಂಟ ಜೋಪಾನ, ಅಜ್ಜಿಯನ್ನು ಎತ್ತುವಾಗ ಮಂಡಿ ಬಗ್ಗಿಸಿ ಎತ್ತು.

ನಿನ್ನ ತಂಗಿ,
ಸರ್ಮಿತೆ

ತಾ.ಕ.: ಸೋಮವಾರ ಬೆಳಿಗ್ಗೆ ಇದು, ಅಂಚೆಯವಳು ಬರುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಬಿಸ್ಕತ್ತಿನ ಕೆಳಗೆ ಒಂಟಿ ಕೈಗವಸು ಇದೆ, ನೋಡು. ಎಡಗೈಯದು. ಅಮ್ಮನದೋ ನನ್ನದೋ ನನಗೆ ಗೊತ್ತಿಲ್ಲ. ನೀನು ಒಳಗೆ ಬೆರಳಿಟ್ಟರೆ ನಿನಗೆ ತಿಳಿಯುತ್ತದೆ. ಉತ್ತರ ಬರೆದು ಕಳಿಸಬೇಡ. ಅದರ ಬಲಗೈಯದನ್ನು ಹೆಣೆದು ಇಟ್ಟುಕೊಂಡಿದ್ದೇನೆ, ಈ ಸಲ ಸರಿಯಾಗಿಯೇ ಹಾಕಿದ್ದೇನೆ, ಅಂಚೆಯಲ್ಲಿ ಕಳಿಸುವುದಿಲ್ಲ. ಇನ್ನೊಂದು ಮಾತು. ಚಳಿಯಲ್ಲಿ ತುಂಬಿದ ಗಡ್ಡೆ ಮಣ್ಣು ಈಗ ಕರಗಿ ಅಮ್ಮನ ಮೇಲೆ ಮೊಣಕಾಲಷ್ಟು ಕುಸಿದಿದೆ. ಹಬ್ಬದ ಹಿಂದಿನ ದಿನ ಇಮಾಂತ್ಸ್ ಗುದ್ದಲಿ ತರುತ್ತಾನೆ, ಹೊಸ ಮಣ್ಣು ತುಂಬಿ, ಮರಳು ಹಾಸಿ, ನಮ್ಮ ಹೆಜ್ಜೆಗುರುತು ಉಳಿಯದ ಹಾಗೆ ಹಿಂದೆ ಹಿಂದೆ ಸರಿಯುತ್ತಾ ಕುಂಟೆ ಎಳೆಯಬೇಕು. ತುಂಬುವುದು ಇನ್ನೂ ಮುಗಿದಿಲ್ಲ ಅಕ್ಕಾ. ನಿನ್ನ ಮೂರು ಹಿಡಿಗೆ ಜಾಗ ಇದೆ.