ಹೆಚ್ಚುವರಿ ಪ್ರತಿ

ಮುಖ್ಯ ಗ್ರಂಥಪಾಲಕರಿಗೆ ನಮಸ್ಕಾರ.

ಎಲ್ಲ ಕ್ಯಾಂಪಸ್ಸುಗಳ ಪುಸ್ತಕಪಟ್ಟಿಯನ್ನು ನಿಮ್ಮ ಹೊಸ ಕೇಂದ್ರ ಘಟಕ ಒಂದುಗೂಡಿಸಿದ್ದರ ಬಗ್ಗೆ ಅಭಿಪ್ರಾಯ ಕೇಳಿದ್ದೀರಿ. ಹೇಳುತ್ತೇನೆ.

ನಮ್ಮಲ್ಲಿ ಇತಿಹಾಸದ ಪಠ್ಯಪುಸ್ತಕ ಅಚ್ಚಿನಲ್ಲೂ ಇತ್ತು, ಬ್ರೈಲ್ ಲಿಪಿಯಲ್ಲೂ ಇತ್ತು. ಹೆಸರು ಒಂದೇ, ಲೇಖಕರು ಒಬ್ಬರೇ ಎಂದು ಘಟಕದವರು ಎರಡನ್ನೂ ಒಂದೇ ದಾಖಲೆಗೆ ಸೇರಿಸಿದರು. ಬ್ರೈಲ್ ಸಂಪುಟಗಳನ್ನು ‘ಹೆಚ್ಚುವರಿ ಪ್ರತಿ’ ಎಂದು ಕೇಂದ್ರದ ಗೋದಾಮಿಗೆ ಸಾಗಿಸಿದರು. ಬೇಡವೆಂದು ಬಾಯಿ ಬಡಿದುಕೊಂಡೆ. “ಬೇಕಾದಾಗ ಕೇಳಿ ಮೇಡಂ, ಕಳಿಸ್ತೀವಿ” ಅಂದರು.

ಕೇಳಿದೆ. ಮೊನ್ನೆ ವ್ಯಾನಿನಲ್ಲಿ ಬಂದದ್ದು ಅಚ್ಚಿನ ಪುಸ್ತಕ. ನಾನು ಊಟಕ್ಕೆ ಹೋಗಿದ್ದಾಗ ಕೌಂಟರಿನವರು ಅದನ್ನೇ ಕಣ್ಣು ಕಾಣದ ನಮ್ಮ ವಿದ್ಯಾರ್ಥಿನಿಯ ಕೈಗೆ ಕೊಟ್ಟಿದ್ದರು. ನಾನು ಬಂದಾಗ ಅವಳು ಒಂದೊಂದೇ ಪುಟ ತಿರುವಿ ಬೆರಳಾಡಿಸುತ್ತಿದ್ದಳು.

“ಅಕ್ಕಾ, ಇದರಲ್ಲಿ ಏನೂ ಬರೆದೇ ಇಲ್ವಲ್ಲಾ?”

ನಿಮ್ಮ ಕಂಪ್ಯೂಟರಿನಲ್ಲಿ ಅವಳ ಕೋರಿಕೆ ‘ಪೂರೈಸಲಾಗಿದೆ’ ಎಂದು ತೋರಿಸುತ್ತಿದೆ. ದಯವಿಟ್ಟು ಮೊದಲು ಅದನ್ನು ಅಳಿಸಿ.

ಸೋಮವಾರ ಪರೀಕ್ಷೆ. ನಿನ್ನೆಯಿಂದ ನಾನೇ ಅವಳಿಗೆ ಓದಿ ಹೇಳುತ್ತಿದ್ದೇನೆ. ಪುಸ್ತಕಗಳಿಗೆ ಅಂಟಿಸಲು ನೀವು ಕಳಿಸಿದ ಬಾರ್‌ಕೋಡ್ ಚೀಟಿಗಳು ಮೇಜಿನ ಮೇಲೆ ಹಾಗೇ ಬಿದ್ದಿವೆ, ಬಿದ್ದಿರಲಿ. ಅದಕ್ಕೆ ನೋಟಿಸು ಕೊಡುವುದಿದ್ದರೆ ಆ ಬ್ರೈಲ್ ಸಂಪುಟಗಳ ಮೇಲಿಟ್ಟು ಕಳಿಸಿ. ಸಂತೋಷದಿಂದ ಸಹಿ ಹಾಕುತ್ತೇನೆ.

ಓದಿ ಓದಿ ಗಂಟಲು ಕಟ್ಟಿರುವ,
ಹಳೇ ಕ್ಯಾಂಪಸ್ಸಿನ ಗ್ರಂಥಪಾಲಕಿ